ಮೂರನೇ ಟ್ಯಾಂಕಿನ ಸೂಕ್ಷ್ಮಜೀವಿಯವರಿಗೆ: ತಾವು ತಮ್ಮ ಇಂಗ್ಲಿಷ್ ವಿವರಣೆಯಂತೆ ಇಲ್ಲದಿರುವ ಕುರಿತು

ಮೂರನೇ ನಂಬರ್ ನೀರಿನ ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿಹೋದಂದಿನಿಂದ ಅಲ್ಲಿ ಸಕುಟುಂಬ ಸಪರಿವಾರವಾಗಿ ಬಿಡಾರ ಹೂಡಿರುವ, ಇಪ್ಪತ್ತು ನಿಮಿಷಕ್ಕೊಮ್ಮೆ ಒಬ್ಬರಿದ್ದವರು ಇಬ್ಬರಾಗುತ್ತ ದಿನವೊಂದಕ್ಕೆ ಎಪ್ಪತ್ತೆರಡು ತಲೆಮಾರು ಕಾಣುವ ಭಾಗ್ಯಶಾಲಿಗಳಾದ ಸೂಕ್ಷ್ಮಜೀವಿ ಮಹಾಶಯರ ಸನ್ನಿಧಾನಕ್ಕೆ, ನೀರು ಪರೀಕ್ಷಾ ಪ್ರಯೋಗಾಲಯದ ಸಹಾಯಕಿ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ನಾವು ಇಲ್ಲಿ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಪತ್ರ ಆರಂಭಿಸುವುದು ನಮ್ಮ ಮನೆಯ ರೂಢಿ. ಆದರೆ ತಮ್ಮ ಕೃಪೆಯಿಂದ, ತಮ್ಮ ಟ್ಯಾಂಕಿನ ನೀರನ್ನೇ ಕುಡಿಯುವ, ನಮ್ಮ ಕಚೇರಿಯ ಹಿಂದಿನ ಶಿಶುವಿಹಾರದ ನಲವತ್ತಮೂರು ಮಕ್ಕಳಲ್ಲಿ ಮೂವತ್ತೊಂದು ಮಕ್ಕಳು ಎರಡು ವಾರ ಹೊಟ್ಟೆ ಹಿಡಿದುಕೊಂಡು ಶೌಚಾಲಯದ ಮುಂದೆ ಸಾಲುಗಟ್ಟಿ ನಿಂತಿದ್ದರಿಂದ ಆ ಮಾತಿನ ಮೊದಲರ್ಧ ಸುಳ್ಳಾಗುತ್ತದೆ, ತಾವು ಪರಮ ಕ್ಷೇಮದಲ್ಲಿರುವುದನ್ನು ಇಂದು ಬೆಳಿಗ್ಗೆ ಹತ್ತೂಕಾಲಿಗೆ ಖುದ್ದು ಸೂಕ್ಷ್ಮದರ್ಶಕದಲ್ಲಿ ಕಂಡಿರುವುದರಿಂದ ಉಳಿದರ್ಧ ಅನವಶ್ಯಕವಾಗುತ್ತದೆ. ಆದ್ದರಿಂದ ನೇರವಾಗಿ ದೂರಿಗೇ ಬರುತ್ತೇನೆ, ಮನ್ನಿಸಬೇಕು.

ಈ ಪತ್ರದ ಒಂದು ಪ್ರತಿಯನ್ನು ಕಚೇರಿಯ ಸೂಚನಾ ಫಲಕಕ್ಕೂ ಅಂಟಿಸುತ್ತಿದ್ದೇನೆ. ಅದು ಸಾರ್ವಜನಿಕರಿಗಾಗಿ ಅಲ್ಲ; ಆ ಫಲಕವನ್ನು ಒರೆಸಿ ಆರು ವರ್ಷವಾಗಿರುವುದರಿಂದ ತಮ್ಮ ದಾಯಾದಿಗಳು ಅಲ್ಲಿಯೂ ಬಹುಸಂಖ್ಯೆಯಲ್ಲಿ ನೆಲೆಸಿದ್ದಾರೆ, ಅವರೂ ಓದಿಕೊಳ್ಳಲಿ ಎಂದು. ನಮ್ಮ ಸಾಹೇಬರು ಓದಿಬಿಟ್ಟಾರು ಎಂಬ ಭಯ ನನಗಿಲ್ಲ. ಇಂಗ್ಲಿಷಿನಲ್ಲಿ ಇಲ್ಲದ ಕಾಗದವನ್ನು ಅವರು ಕಾಗದವೆಂದೇ ಒಪ್ಪುವುದಿಲ್ಲ.

ನನ್ನ ಪರಿಚಯ ತಮಗಿರಲಾರದು. ತಾವು ಗಾಜಿನ ಪಟ್ಟಿಯ ಮೇಲೆ ಮಲಗಿರುವಾಗ ಮೇಲಿನಿಂದ ಇಣುಕುವ ಕಣ್ಣು ನನ್ನದು. ಹತ್ತೊಂಬತ್ತು ವರ್ಷದಿಂದ ಈ ಪ್ರಯೋಗಾಲಯದಲ್ಲಿ ಬಾಟಲಿ ತೊಳೆದಿದ್ದೇನೆ, ನೀರಿನ ಮಾದರಿ ತಂದಿದ್ದೇನೆ, ತಮ್ಮಂಥವರನ್ನು ಗಾಜಿಗೆ ಸವರಿ ಜ್ವಾಲೆಗೆ ಹಿಡಿದು ಬಣ್ಣ ಹಚ್ಚಿ ನೋಡಿದ್ದೇನೆ. ಕಂಡದ್ದನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸ ಮಾತ್ರ ನನ್ನದಾಗಿರಲಿಲ್ಲ. ಅದಕ್ಕೊಬ್ಬ ಹಿರಿಯ ಪರೀಕ್ಷಕರಿದ್ದರು. ಅವರು ಈ ವರ್ಷ ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ, ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ ಅವರ ಪೆನ್ನು, ಅವರ ಕುರ್ಚಿ ಮತ್ತು ಅವರ ಇಂಗ್ಲಿಷು ನನ್ನ ತಲೆಗೆ ಬಂದವು. ಕುರ್ಚಿಯ ಒಂದು ಕಾಲು ಮೊದಲೇ ಮುರಿದಿತ್ತು.

ಇನ್ನು ತಾವು ಮಾಡಿದ ಉಪಕಾರದ ವಿಷಯ. ಶಿಶುವಿಹಾರದಲ್ಲಿ ಅಡುಗೆ ಮಾಡುವವಳು ನನ್ನ ತಂಗಿ. ಅವಳು ಎಂಥವಳೆಂದರೆ ಸೋಪನ್ನೂ ಒಮ್ಮೆ ತೊಳೆದು ಆಮೇಲೆ ಅದರಿಂದ ಕೈ ತೊಳೆಯುವವಳು. ಸಣ್ಣವಳಿದ್ದಾಗ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ನಾನು ಸ್ಕೂಲಿಗೆ ಹೋಗಿ ವಾಪಸು ಬಂದಿರುತ್ತಿದ್ದೆ. ಆದರೆ ಮೂವತ್ತೊಂದು ಮಕ್ಕಳಿಗೆ ಹೊಟ್ಟೆ ಕೆಟ್ಟಾಗ ಯಾರಾದರೂ ತಪ್ಪಿತಸ್ಥರು ಬೇಕಲ್ಲ, ನೀರು ಶುದ್ಧವೆಂದು ನಮ್ಮ ಕಚೇರಿಯ ಹಳೆಯ ಪ್ರಮಾಣಪತ್ರ ಗೋಡೆಯ ಮೇಲೆ ಫ್ರೇಮು ಸಮೇತ ನೇತಾಡುತ್ತಿದ್ದುದರಿಂದ ಉಳಿದದ್ದು ಅಡುಗೆಯವಳ ಕೈ ಮಾತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಶಿಶುವಿಹಾರದ ಸಮಿತಿಯವರು ಅವಳನ್ನು ನಿಲ್ಲಿಸಿ ಎರಡೂ ಕೈ ಚಾಚಿಸಿ, ತಿರುಗಿಸಿ ಮಗುಚಿ ನೋಡಿ, ಏನೂ ಕಾಣದಿದ್ದುದರಿಂದ ಇನ್ನಷ್ಟು ಅನುಮಾನಪಟ್ಟು, ಕೆಲಸದಿಂದ ಅಮಾನತು ಮಾಡಿದರು. ಸೋಮವಾರದೊಳಗೆ ನೀರಿನಲ್ಲಿ ದೋಷವಿದೆ ಎಂಬ ವರದಿ ಬಂದರೆ ಸರಿ, ಬಾರದಿದ್ದರೆ ‘ಕೈ ಶುಚಿಯಿಲ್ಲದ ಕಾರಣ ವಜಾ’ ಎಂದು ಬರೆದು ಕೊಡುವುದಾಗಿ ಹೇಳಿದರು. ಆ ಒಂದು ಸಾಲು ಬರೆದುಕೊಟ್ಟರೆ ಇನ್ನಾವ ಅಡುಗೆಮನೆಯೂ ಅವಳನ್ನು ಹೊಸಿಲು ದಾಟಿಸುವುದಿಲ್ಲ. ಅಡುಗೆ ಬಿಟ್ಟು ಅವಳಿಗೆ ಇನ್ನೇನೂ ಬಾರದು, ಅವಳ ಸಂಬಳ ಬಿಟ್ಟು ಅವಳ ಮನೆಗೆ ಇನ್ನೇನೂ ಬಾರದು.

ನಾನು ಶುಕ್ರವಾರ ಬೆಳಿಗ್ಗೆ ಟ್ಯಾಂಕಿನ ಏಣಿ ಹತ್ತಿ ಮಾದರಿ ತಂದೆ. ಮಸೂರಕ್ಕೆ ಕಣ್ಣಿಟ್ಟೆ. ಮಾನ್ಯರೇ, ಸುಳ್ಳೇಕೆ ಹೇಳಲಿ, ತಮ್ಮ ದರ್ಶನದಿಂದ ನನಗೆ ಹಬ್ಬವೇ ಆಯಿತು. ಗಿಡ್ಡ ಕಡ್ಡಿಯಂಥ ದೇಹ, ಎರಡೂ ತುದಿ ದುಂಡಗೆ, ಹಚ್ಚಿದ ಬಣ್ಣದಲ್ಲಿ ಮದುವಣಗಿತ್ತಿಯ ಹಾಗೆ ಗುಲಾಬಿ. ಬಣ್ಣ ಹಚ್ಚದ ಇನ್ನೊಂದು ಹನಿಯಲ್ಲಿ ತಾವೇ ಅತ್ತ ಓಡಿ, ಇತ್ತ ಓಡಿ, ಒಬ್ಬರನ್ನೊಬ್ಬರು ಡಿಕ್ಕಿ ಹೊಡೆದು, ಕ್ಷಮೆ ಕೇಳದೆ ಮುಂದೆ ಹೋಗುತ್ತಿದ್ದಿರಿ. ನಮ್ಮ ಕಚೇರಿಯಲ್ಲಿ ಅಷ್ಟು ಚುರುಕಾಗಿ ಓಡಾಡುವ ಜೀವವನ್ನು ನಾನು ಹತ್ತೊಂಬತ್ತು ವರ್ಷದಲ್ಲಿ ಕಂಡಿರಲಿಲ್ಲ. ಕೂಡಲೇ ಶಿಶುವಿಹಾರಕ್ಕೆ ಓಡಿ ನೀರು ಕುದಿಸಿ ಕೊಡಿ ಎಂದೆ. ಮೇಲ್ವಿಚಾರಕಿ, “ಬಾಯಿಮಾತಲ್ಲಿ ಹೇಳಿದ್ರೆ ಆಗಲ್ಲಮ್ಮ, ರಿಪೋರ್ಟ್ ತನ್ನಿ” ಎಂದರು. ರಿಪೋರ್ಟಿಗೇನು, ಕಣ್ಣಾರೆ ಕಂಡಿದ್ದೇನೆ, ನಾಲ್ಕು ಸಾಲು ಬರೆದರಾಯಿತು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ನಮ್ಮ ಸಾಹೇಬರ ಬಗ್ಗೆ ತಮಗೆ ತಿಳಿದಿರಲಿ. ಕಚೇರಿಯಲ್ಲಿ ನಾವೆಲ್ಲ ಅವರನ್ನು ಅವರ ಬೆನ್ನ ಹಿಂದೆ ವ್ಯಾಖ್ಯಾನ ಸಾಹೇಬರೆಂದು ಕರೆಯುತ್ತೇವೆ. ಅವರು ಪ್ರಯೋಗಾಲಯಕ್ಕೆ ಬರುವವರಲ್ಲ, ಸೂಕ್ಷ್ಮದರ್ಶಕವನ್ನು ಮುಟ್ಟಿದವರಲ್ಲ. ನೋಡಿದರೆ ನಿಷ್ಪಕ್ಷಪಾತ ಹೋಗಿಬಿಡುತ್ತದೆ ಎಂಬುದು ಅವರ ಸಿದ್ಧಾಂತ. ಯಾವ ವಸ್ತುವಿಗೂ ಮೊದಲು ಸರಿಯಾದ ಇಂಗ್ಲಿಷಿನಲ್ಲಿ ವ್ಯಾಖ್ಯಾನವಿರಬೇಕು, ಆಮೇಲೆ ವಿವರಣೆಯಿರಬೇಕು, ಅವೆರಡೂ ಇದ್ದ ಮೇಲೆ ವಸ್ತು ಇದ್ದರೂ ಸರಿ ಇಲ್ಲದಿದ್ದರೂ ಸರಿ ಎಂದು ಅವರು ಪ್ರತಿ ಸಭೆಯಲ್ಲೂ ಹೇಳುತ್ತಾರೆ. ನಾವು ತಲೆಯಾಡಿಸುತ್ತೇವೆ.

ನನ್ನ ಮೊದಲ ಕರಡಿನಲ್ಲಿ ನಾನು ಬರೆದದ್ದು, ಗಿಡ್ಡಗಿದೆ, ದಪ್ಪಗಿದೆ, ತುಂಬ ಬಿಜಿಯಾಗಿದೆ ಎಂದು. ಸಾಹೇಬರು ‘ಬಿಜಿ’ ಎಂಬ ಶಬ್ದದ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಇದು ಅಧಿಕಾರಿಗಳಿಗೆ ಮಾತ್ರ ಬಳಸತಕ್ಕದ್ದು ಎಂದು ವಾಪಸು ಕಳಿಸಿದರು. ಎರಡನೇ ಕರಡಿನಲ್ಲಿ ನಾನು ನೋಡಿದೆ ಎಂದು ಆರಂಭಿಸಿದೆ. ವಿಜ್ಞಾನದ ಇಂಗ್ಲಿಷಿನಲ್ಲಿ ‘ನಾನು’ ಇರುವಂತಿಲ್ಲವಂತೆ, ನೋಡಲಾಯಿತು ಎನ್ನಬೇಕಂತೆ. ನೋಡಲಾಯಿತು ಎಂದು ತಿದ್ದಿದೆ. ನೋಡಿದವರಾರು ಎಂಬುದು ವರದಿಯಲ್ಲಿ ಸ್ಪಷ್ಟವಿಲ್ಲ ಎಂದು ಅದೂ ವಾಪಸು ಬಂತು. ಮೂರನೆಯದರಲ್ಲಿ ಪುಸ್ತಕ ನೋಡಿಕೊಂಡು, ಸೂಕ್ಷ್ಮಜೀವಿ ಎಂದರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿ ಎಂದು ಲಕ್ಷಣವಾಗಿ ವ್ಯಾಖ್ಯಾನ ಕೊಟ್ಟೆ. ಅಂಚಿನಲ್ಲಿ ಅವರು, ಕಾಣದಿದ್ದರೆ ಈ ಉದ್ಯೋಗಿ ಇಷ್ಟು ವರ್ಷ ನೋಡುತ್ತಿರುವುದೇನನ್ನು ಎಂದು ವಿವರಣೆ ಕೇಳಿದ್ದರು. ಇನ್ನೊಂದರಲ್ಲಿ ತಾವು ಪ್ರಾಣಿಯೂ ಅಲ್ಲ, ಗಿಡವೂ ಅಲ್ಲ ಎಂದು ಬರೆದಾಗ ಖುದ್ದು ಕರೆಸಿ, “ಅದೂ ಅಲ್ಲ ಇದೂ ಅಲ್ಲ ಅಂದ್ರೆ ಏನಮ್ಮಾ? ಫಾರಮ್ಮಲ್ಲಿ ಇರೋದೇ ಎರಡು ಕಾಲಂ” ಎಂದರು. ಇದರಲ್ಲಿ ತಮ್ಮ ಸಹಕಾರವೂ ಏನೂ ಇರಲಿಲ್ಲ. ‘ಒಂದು ಸೂಕ್ಷ್ಮಜೀವಿ’ ಎಂದು ಬರೆದು ಸಹಿಗೆ ಕಳಿಸಿ, ಅವರು ಟೀ ಕುಡಿದು ಸಹಿಗೆ ಪೆನ್ನು ತೆಗೆಯುವ ಹೊತ್ತಿಗೆ ತಾವು ನಾಲ್ಕಾಗಿರುತ್ತಿದ್ದಿರಿ, ಊಟ ಮುಗಿಸಿ ಬರುವ ಹೊತ್ತಿಗೆ ಅರವತ್ತನಾಲ್ಕು. ಯಾವ ಭಾಷೆ ತಾನೇ ತಮ್ಮ ಹಿಂದೆ ಓಡೀತು ಹೇಳಿ.

ಇಷ್ಟಾದರೂ ನಾನು ಎದೆಗುಂದಲಿಲ್ಲ. ಶುಕ್ರವಾರ ಸಂಜೆಯೊಳಗೆ ಏಳು ಕರಡು ಬರೆದೆ. ಏಳನೆಯದನ್ನು ಸಾಹೇಬರು ಓದಿ, ಮೊದಲ ಬಾರಿಗೆ ನಿಟ್ಟುಸಿರು ಬಿಟ್ಟು, ಇಂಗ್ಲಿಷು ಪರವಾಗಿಲ್ಲ, ಆದರೆ ಇದು ಮಾದರಿ ವಿವರಣೆಗೆ ತಾಳೆಯಾಗುವುದಿಲ್ಲವಲ್ಲ ಎಂದು ತಮ್ಮ ಮೇಜಿನ ಗಾಜಿನ ಕೆಳಗಿದ್ದ ಹಳದಿ ಕಾಗದವನ್ನು ತೋರಿಸಿದರು. ಮೂವತ್ತನಾಲ್ಕು ವರ್ಷದ ಹಿಂದೆ ಈ ಪ್ರಯೋಗಾಲಯ ಆರಂಭವಾದ ದಿನ, ಮೊದಲ ಸಾಹೇಬರು ಸೂಕ್ಷ್ಮದರ್ಶಕದ ಉದ್ಘಾಟನೆ ಮಾಡಿ, ತಾವು ಕಂಡದ್ದನ್ನು ಅಲ್ಲೇ ನಿಂತು ಇಂಗ್ಲಿಷಿನಲ್ಲಿ ಬರೆಸಿದ ವಿವರಣೆಯಂತೆ ಅದು. ಅಂದಿನಿಂದ ಯಾವ ನೀರಿನಲ್ಲಿ ಏನೇ ಕಂಡರೂ ಅದು ಆ ಕಾಗದಕ್ಕೆ ಹೊಂದಿದರೆ ಸೂಕ್ಷ್ಮಜೀವಿ, ಹೊಂದದಿದ್ದರೆ ‘ಪತ್ತೆಯಾಗಿಲ್ಲ’ ಎಂಬ ಮೊಹರು. ಅದರ ಇಂಗ್ಲಿಷನ್ನು ನಮ್ಮ ಮನೆಮಾತಿಗೆ ಇಳಿಸಿದರೆ ಹೀಗಾಗುತ್ತದೆ: ಸೂಕ್ಷ್ಮಜೀವಿಯು ಬರಿಗಣ್ಣಿಗೆ ಕಾಣದ, ಉದ್ದನೆಯ, ತೆಳ್ಳನೆಯ, ಕಪ್ಪು ಬಣ್ಣದ, ತುಸು ಬಾಗಿದ, ಒಂದು ತುದಿಯಲ್ಲಿ ಚೂಪಾದ ಜೀವಿ, ನೋಡುವವರು ಕಣ್ಣು ಮಿಟುಕಿಸಿದಾಗ ಚಲಿಸುತ್ತದೆ.

ನನ್ನ ಏಳನೇ ಕರಡಿನ ಮೇಲೂ ಮೊಹರು ಬಿತ್ತು. ತಾವು ಪತ್ತೆಯಾಗಲಿಲ್ಲ.

ಮಾನ್ಯರೇ, ಇಲ್ಲಿಂದ ನನ್ನ ದೂರು ಆರಂಭವಾಗುತ್ತದೆ. ಕೋಟಿಗಟ್ಟಲೆ ಇದ್ದೂ ಒಬ್ಬರಾದರೂ, ಒಂದೇ ಒಂದು ಶನಿವಾರದ ಮಟ್ಟಿಗಾದರೂ, ಸರಕಾರಿ ಕಾಗದದಲ್ಲಿ ಇರುವ ಹಾಗೆ ಇರಲು ತಮಗೇನು ಕಷ್ಟವಿತ್ತು? ಮೂವತ್ತನಾಲ್ಕು ವರ್ಷದ ನೋಟೀಸು ಸಾಲದಾಯಿತೇ? ತಮ್ಮ ಲೆಕ್ಕದಲ್ಲಿ ಅದು ಒಂಬತ್ತು ಲಕ್ಷ ತಲೆಮಾರು. ಅಷ್ಟು ತಲೆಮಾರಿನಲ್ಲಿ ಮಂಗನೇ ಮನುಷ್ಯನಾಗುತ್ತಾನೆ, ತಮಗೆ ಒಂದು ತುದಿ ಚೂಪು ಮಾಡಿಕೊಳ್ಳಲಾಗಲಿಲ್ಲವೇ? ಮುಂದಿನ ತಲೆಮಾರಿನವರಾದರೂ, ಅದು ಇಪ್ಪತ್ತು ನಿಮಿಷದ ಮಾತು, ದಯವಿಟ್ಟು ಉದ್ದಕ್ಕೆ ಬೆಳೆಯಬೇಕೆಂದೂ, ಗುಲಾಬಿ ಬಣ್ಣದ ಶೋಕಿ ಬಿಟ್ಟು ಕಪ್ಪಾಗಬೇಕೆಂದೂ, ಕಚೇರಿಯ ವೇಳೆಯಲ್ಲಿ ಇಬ್ಬರಾಗದೆ ಹತ್ತರಿಂದ ಐದರವರೆಗೆ ಏಕವಚನದಲ್ಲೇ ಇರಬೇಕೆಂದೂ, ಸಾಧ್ಯವಾದರೆ ತಮ್ಮಲ್ಲಿ ಓದುಬರಹ ಬಲ್ಲ ಒಬ್ಬರು ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ ಸಮೇತ ಸಾಹೇಬರ ಮುಂದೆ ಹಾಜರಾಗಿ ತಮ್ಮ ವ್ಯಾಖ್ಯಾನವನ್ನು ತಾವೇ ಇಂಗ್ಲಿಷಿನಲ್ಲಿ ಬರೆದುಕೊಡಬೇಕೆಂದೂ ವಿನಂತಿ. ಶುಕ್ರವಾರ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ನಾನು ಮಸೂರದ ಮೇಲೆ ಬಾಗಿ ಇದನ್ನೆಲ್ಲ ತಮಗೆ ಬಾಯಲ್ಲೇ ಹೇಳಿದ್ದೆ, ಕೈ ಮುಗಿದಿದ್ದೆ. ತಾವು ತಲೆ ಕೆಡಿಸಿಕೊಳ್ಳಲಿಲ್ಲ. ಇರಲಿ, ತಮಗೆ ತಲೆ ಇಲ್ಲ ಎಂಬುದು ನನಗೂ ಗೊತ್ತು.

ಶನಿವಾರ ಮಧ್ಯಾಹ್ನ ನನ್ನ ತಂಗಿ ಪ್ರಯೋಗಾಲಯಕ್ಕೆ ಬಂದಳು. ಅತ್ತು ಅತ್ತು ಮುಖ ಊದಿತ್ತು. ಬಂದವಳು ಮೊದಲು ಸಿಂಕಿನ ಹತ್ತಿರ ಹೋಗಿ ಕೈ ತೊಳೆದಳು, ಕುರ್ಚಿಯಲ್ಲಿ ಕೂತಳು, ಮತ್ತೆ ಎದ್ದು ಹೋಗಿ ತೊಳೆದಳು. ಬೆರಳಿನ ಸಂದಿಯೆಲ್ಲ ಬಿರಿದು ಕೆಂಪಗಾಗಿತ್ತು. “ಅಕ್ಕಾ, ನಿಜವಾಗ್ಲೂ ನನ್ನ ಕೈಯಿಂದಾನೇ ಆಯ್ತೇನೋ ಕಣೇ” ಎಂದಳು. ಮಾನ್ಯರೇ, ತಮ್ಮ ಮೇಲೆ ನನಗೆ ಅಂದಿನವರೆಗೆ ಇದ್ದದ್ದು ಅಸಮಾಧಾನ. ಆ ಮಾತು ಕೇಳಿದ ಮೇಲೆ ಅದು ಕಡು ಕೋಪವಾಯಿತು. ಯಾರೋ ಬರೆದ ಕಾಗದ ಅವಳ ಸ್ವಂತ ಕೈಯನ್ನು ಅವಳೇ ನಂಬದ ಹಾಗೆ ಮಾಡಿತ್ತು. ಬಾರೇ ಇಲ್ಲಿ, ಯಾರ ಕೈವಾಡ ಅಂತ ನೀನೇ ನೋಡು ಎಂದು ಅವಳನ್ನು ಎಳೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ.

ಅವಳು ಜನ್ಮದಲ್ಲಿ ಮೊದಲ ಬಾರಿಗೆ ಅದರೊಳಗೆ ನೋಡುತ್ತಿದ್ದಳು. ನೋಡಿದಳು, ಕಣ್ಣು ಒರೆಸಿಕೊಂಡಳು, ಮತ್ತೆ ನೋಡಿದಳು. ಆಮೇಲೆ ಹೇಳಿದಳು, “ಅಯ್ಯೋ ಅಕ್ಕಾ, ಕಾಣಿಸ್ತು! ಉದ್ದಕ್ಕೆ, ಕಪ್ಪಗೆ, ಸ್ವಲ್ಪ ಬಾಗಿದೆ. ಕಣ್ಣು ಮುಚ್ಚಿ ತೆಗೆದ್ರೆ ಅಲ್ಲಾಡುತ್ತೆ.”

ಗಾಜಿನ ಮೇಲೆ ಆ ಹೊತ್ತು ತಾವು ಗುಲಾಬಿ ಬಣ್ಣ ಹಚ್ಚಿಕೊಂಡು ಸಾವಿರಾರು ಸಂಖ್ಯೆಯಲ್ಲಿ ಮಲಗಿದ್ದಿರಿ. ಅವಳಿಗೆ ತಾವು ಕಾಣಲೇ ಇಲ್ಲ. ಅವಳಿಗೆ ಕಂಡದ್ದು ಅವಳದೇ ಕಣ್ಣಿನ ರೆಪ್ಪೆಗೂದಲು. ಮಸೂರಕ್ಕೆ ಕಣ್ಣನ್ನು ತೀರ ಒತ್ತಿ ನೋಡುವ ಹೊಸಬರಿಗೆಲ್ಲ ಮೊದಲ ದಿನ ಕಾಣುವುದು ಅದೇ. ಎರಡನೇ ದಿನಕ್ಕೆ ಅಭ್ಯಾಸವಾಗಿ ಕಣ್ಣನ್ನು ತುಸು ಮೇಲೆತ್ತುತ್ತಾರೆ, ಆಗ ರೆಪ್ಪೆ ಹೋಗಿ ತಾವು ಬರುತ್ತೀರಿ. ನಮ್ಮ ಮೊದಲ ಸಾಹೇಬರಿಗೆ ಎರಡನೇ ದಿನ ಎಂಬುದೇ ಇರಲಿಲ್ಲ. ಉದ್ಘಾಟನೆ ಒಂದೇ ದಿನ ತಾನೇ ಇರುವುದು! ನಾನು ಮೊಗಸಾಲೆಗೆ ಓಡಿಹೋಗಿ ಗೋಡೆಯ ಮೇಲಿನ ಅವರ ಭಾವಚಿತ್ರದ ಧೂಳು ಒರೆಸಿ ನೋಡಿದೆ. ಅಬ್ಬಬ್ಬಾ, ಏನು ರೆಪ್ಪೆಗಳು! ಒಂದೊಂದೂ ಉದ್ದನೆಯ, ತೆಳ್ಳನೆಯ, ಕಪ್ಪು ಬಣ್ಣದ, ತುಸು ಬಾಗಿದ, ಒಂದು ತುದಿಯಲ್ಲಿ ಚೂಪಾದ ರೆಪ್ಪೆ. ಮೂವತ್ತನಾಲ್ಕು ವರ್ಷದಿಂದ ಈ ಊರಿನ ನೀರಿನಲ್ಲಿ ನಾವು ಹುಡುಕುತ್ತಿದ್ದುದು ಆ ಪುಣ್ಯಾತ್ಮರ ಕಣ್ಣಿನ ರೆಪ್ಪೆಯನ್ನು, ಅದು ಸಿಗಲಿಲ್ಲವೆಂದು ಊರಿಗೆಲ್ಲ ಪ್ರಮಾಣಪತ್ರ ಹಂಚುತ್ತಿದ್ದೆವು.

ಸತ್ಯವನ್ನು ಮೊದಲು ಸಾಹೇಬರಿಗೇ ಹೇಳಿದೆ, ಅದು ನನ್ನ ಕರ್ತವ್ಯ. ಅವರ ಮನೆಯ ಬಾಗಿಲಿಗೇ ಹೋಗಿ, ಸಾರ್, ಮಾದರಿ ವಿವರಣೆ ರೆಪ್ಪೆಯದು ಸಾರ್ ಎಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ, ಮರುಕದಿಂದ ನೋಡಿದರು. ಮೂವತ್ತನಾಲ್ಕು ವರ್ಷದ ಹನ್ನೊಂದು ಸಾವಿರ ವರದಿಗಳು ಸುಳ್ಳೇ, ಅಥವಾ ಆರು ಸಲ ಇಂಗ್ಲಿಷು ತಪ್ಪು ಮಾಡಿದ ಒಬ್ಬ ಉದ್ಯೋಗಿಯ ಕಣ್ಣು ಸುಳ್ಳೇ ಎಂದು ಕೇಳಿ, ಉತ್ತರವನ್ನು ಲಿಖಿತವಾಗಿ ಮೂರು ಪ್ರತಿಗಳಲ್ಲಿ ಸಲ್ಲಿಸಲು ಹೇಳಿದರು. ಮಾದರಿ ವಿವರಣೆಗೆ ಹೊಂದುವುದೇನಾದರೂ ಸಿಕ್ಕರೆ ಮಾತ್ರ ತಾವು ಖುದ್ದು ಬಂದು ನೋಡುವುದಾಗಿಯೂ ಅಭಯ ಕೊಟ್ಟರು.

ಆ ಅಭಯವನ್ನು ನಾನು ಸೆರಗಿಗೆ ಕಟ್ಟಿಕೊಂಡು ಬಂದೆ. ಸೋಮವಾರ ಬೆಳಿಗ್ಗೆ ಎಂಟಕ್ಕೇ ಕಚೇರಿ ತೆಗೆದು, ಕೈತೊಳೆಯುವ ಜಾಗದ ಕನ್ನಡಿಯ ಮುಂದೆ ನಿಂತು, ಗಾಜಿನ ಚೂರು ಎತ್ತುವ ಚಿಮಟದಿಂದ ನನ್ನ ಬಲಗಣ್ಣಿನ ರೆಪ್ಪೆಗೂದಲನ್ನು ಹಿಡಿದು ಎಳೆದೆ. ಮಾನ್ಯರೇ, ತಮಗೆ ರೆಪ್ಪೆಯಿಲ್ಲ, ತಮಗೆ ಆ ಉರಿ ತಿಳಿಯದು. ಅಮ್ಮ ಹೋಗುವಾಗ ಇವಳನ್ನು ಕಣ್ಣಿನ ರೆಪ್ಪೆ ಹಾಗೆ ಕಾಯ್ಕೋ ಎಂದು ನನಗೆ ಹೇಳಿದ್ದು ನಿಜ, ಅದಕ್ಕೆ ಚಿಮಟ ಬೇಕಾಗುತ್ತದೆ ಎಂದು ಹೇಳಿರಲಿಲ್ಲ. ಮೊದಲನೆಯದು ಸೀನಿಗೆ ಹಾರಿಹೋಯಿತು, ಎರಡನೆಯದು ಬುಡದಲ್ಲೇ ಮುರಿಯಿತು, ನಮ್ಮಲ್ಲಿ ಎಲ್ಲವೂ ಮೂರು ಪ್ರತಿ ಇರಬೇಕಾದ್ದರಿಂದ ಅಂತೂ ಇಂತೂ ಎಂಟು ಕಿತ್ತು ಮೂರು ಉಳಿಸಿಕೊಂಡೆ. ಮೂರನೇ ಟ್ಯಾಂಕಿನ ನೀರನ್ನು ಮೂರು ಗಾಜಿನ ಪಟ್ಟಿಯ ಮೇಲೆ ಒಂದೊಂದು ಹನಿ ಹಾಕಿ, ಒಂದೊಂದು ರೆಪ್ಪೆಯನ್ನು ತೇಲಿಬಿಟ್ಟೆ. ಇದರಲ್ಲಿ ಮೋಸವೇನೂ ಇಲ್ಲ ಎಂಬುದಕ್ಕೆ ತಾವೇ ಸಾಕ್ಷಿ, ಪ್ರತಿ ಹನಿಯಲ್ಲೂ ತಾವು ಸಾವಿರಾರು ಸಂಖ್ಯೆಯಲ್ಲಿ ಉಪಸ್ಥಿತರಿದ್ದಿರಿ. ನನ್ನ ರೆಪ್ಪೆ ಕೇವಲ ತಮ್ಮ ಶಿಫಾರಸು ಪತ್ರ.

ಸಾಹೇಬರು ಕೊಟ್ಟ ಮಾತಿಗೆ ತಪ್ಪದೆ ಹನ್ನೊಂದಕ್ಕೆ ಬಂದರು. ಪ್ರಯೋಗಾಲಯದ ಬಾಗಿಲು ಎಳೆಯಬೇಕೋ ತಳ್ಳಬೇಕೋ ತಿಳಿಯದೆ ತುಸು ಹೊತ್ತು ಹೊರಗೆ ನಿಂತಿದ್ದರು. ಒಳಗೆ ಬಂದು, ಹಳದಿ ಕಾಗದವನ್ನು ಎಡಗೈಯಲ್ಲಿ ಹಿಡಿದು, ಕನ್ನಡಕ ತೆಗೆದಿಟ್ಟರು. ಕನ್ನಡಕ ತೆಗೆದ ಮೇಲೆ ಅವರ ಬರಿಗಣ್ಣಿಗೆ ಗಾಜಿನ ಮೇಲಿನ ರೆಪ್ಪೆಯಿರಲಿ, ಮೇಜೂ ಕಾಣದಿದ್ದುದರಿಂದ ಮೊದಲ ಲಕ್ಷಣ ಅಲ್ಲೇ ತಾಳೆಯಾಯಿತು. ಮಸೂರಕ್ಕೆ ಕಣ್ಣು ಒತ್ತಿ ನೋಡಿ, ಉದ್ದ ಎಂದರು, ನಾನು ಗುರುತು ಹಾಕಿಕೊಂಡೆ. ತೆಳು ಎಂದರು. ಕಪ್ಪು ಎಂದರು. ತುಸು ಬಾಗಿದೆ ಎಂದರು. ತುದಿ ಚೂಪು ಎಂದರು. ಇನ್ನು ಉಳಿದದ್ದು ಕಣ್ಣು ಮಿಟುಕಿಸಿದಾಗ ಚಲಿಸುವ ಲಕ್ಷಣ. ನಾನು ಮನೆದೇವರನ್ನು ನೆನೆದೆ, ಏಕೆಂದರೆ ಕಿತ್ತ ರೆಪ್ಪೆ ಸತ್ತರೂ ಅಲ್ಲಾಡುವುದಿಲ್ಲ. ಸಾಹೇಬರು ಕಣ್ಣು ಮಿಟುಕಿಸಿದರು. ಅವರದೇ ರೆಪ್ಪೆಗಳು ಮಸೂರದ ಮೇಲೆ ಗುಡಿಸಿಕೊಂಡು ಹೋದವು. “ಚಲಿಸ್ತಿದೆ! ಒಂದಲ್ಲಮ್ಮಾ, ಹಿಂಡು ಹಿಂಡಾಗಿ ಚಲಿಸ್ತಿದೆ!” ಎಂದು ಅವರು ಕೂಗಿದ ಕೂಗಿಗೆ ಟಪಾಲು ವಿಭಾಗದವರೆಲ್ಲ ಓಡಿಬಂದರು.

ಮಧ್ಯಾಹ್ನ ಮೂರಕ್ಕೆ ವರದಿಗೆ ಸಹಿಯಾಯಿತು. ವರದಿಯ ಇಂಗ್ಲಿಷು ನನ್ನದಲ್ಲ, ಒಂದಕ್ಷರ ಬಿಡದೆ ಮಾದರಿ ವಿವರಣೆಯದು. ಅದರಲ್ಲಿ ‘ನಾನು’ ಇಲ್ಲ, ಬಿಜಿ ಇಲ್ಲ, ತಾವೂ ಇಲ್ಲ. ನಾನೇ ಅದನ್ನು ಕೈಯಲ್ಲಿ ಹಿಡಿದು ಶಿಶುವಿಹಾರಕ್ಕೆ ಓಡಿದೆ. ಮೇಲ್ವಿಚಾರಕಿ ಓದಿ, ಕೂಡಲೇ ನೀರು ಕುದಿಸಲು ಇಟ್ಟರು. ಕೆಲಸಕ್ಕೆ ಮರಳಿ ಬರಬೇಕೆಂದು ತಂಗಿಗೆ ಬರೆದ ಆದೇಶಕ್ಕೆ ಆ ವರದಿಯನ್ನೇ ಲಗತ್ತಿಸಿದರು.

ಅವಳಿಗೆ ಇಂಗ್ಲಿಷು ಬಾರದು. ಸಂಜೆ ಅವಳ ಅಡುಗೆಮನೆಯಲ್ಲಿ ಕೂತು ಆದೇಶ, ವರದಿ ಎರಡನ್ನೂ ನಾನು ಓದಿ ಹೇಳಿದೆ: ಅಡುಗೆಯವಳ ಕೈಯಲ್ಲಿ ಯಾವ ದೋಷವೂ ಇಲ್ಲ, ದೋಷ ನೀರಿನದು, ಅದರಲ್ಲಿ ಸಿಕ್ಕಿದ ಜೀವಿ ಉದ್ದಗಿದೆ, ತೆಳ್ಳಗಿದೆ, ಕಪ್ಪಗಿದೆ, ತುಸು ಬಾಗಿದೆ. ಅವಳು ಕೇಳುತ್ತ ಕೇಳುತ್ತ ತನ್ನ ಎರಡೂ ಅಂಗೈಯನ್ನು ತೊಡೆಯ ಮೇಲೆ ಮಲಗಿಸಿ ನೋಡುತ್ತಿದ್ದಳು. ಆಮೇಲೆ ನನ್ನ ಮುಖ ನೋಡಿದಳು. “ಅಕ್ಕಾ, ನಿನ್ನ ಬಲಗಣ್ಣು ಯಾಕೆ ಬೋಳುಬೋಳಾಗಿದೆ?” ಎಂದಳು. ಧೂಳು ಬಿತ್ತು ಕಣೇ, ಉಜ್ಜಿಕೊಂಡೆ ಎಂದೆ. ಅವಳು ಕಾಗದ ನೋಡಿದಳು, ನನ್ನ ಕಣ್ಣು ನೋಡಿದಳು, ಶನಿವಾರ ತಾನು ಮಸೂರದಲ್ಲಿ ಕಂಡದ್ದು ನೆನಪಾಯಿತೇನೋ, ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಕಣ್ಣು ಒರೆಸಿಕೊಂಡಾಗ ಅವಳ ಕೆನ್ನೆಯ ಮೇಲೆ ಒಂದು ರೆಪ್ಪೆಗೂದಲು ಉದುರಿ ಅಂಟಿಕೊಂಡಿತ್ತು. ಅದನ್ನು ಬೆರಳ ತುದಿಯಲ್ಲಿ ಎತ್ತಿ, ನನ್ನ ಅಂಗೈಯಲ್ಲಿಟ್ಟು, “ಇಟ್ಕೋ ಅಕ್ಕಾ, ಮುಂದಿನ ಸಲಕ್ಕಾಗುತ್ತೆ” ಎಂದಳು. ಅವಳು ನನ್ನನ್ನು ಮುಟ್ಟುವ ಮೊದಲು ಕೈ ತೊಳೆಯದೇ ಇದ್ದದ್ದು ಆ ಮೂರು ದಿನದಲ್ಲಿ ಅದೇ ಮೊದಲು.

ಆದ್ದರಿಂದ ಮಾನ್ಯರೇ, ದುಡಿಮೆಯೆಲ್ಲ ತಮ್ಮದಾಗಿ ಕೀರ್ತಿಯೆಲ್ಲ ನನ್ನ ಬಲಗಣ್ಣಿಗೆ ಹೋದದ್ದಕ್ಕೆ ವಿಷಾದಿಸುತ್ತ, ನಾಳೆ ಬೆಳಿಗ್ಗೆ ಎಂಟಕ್ಕೆ ಮೂರನೇ ಟ್ಯಾಂಕನ್ನು ಖಾಲಿ ಮಾಡಿ, ಉಜ್ಜಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು, ಹೊಸ ಮುಚ್ಚಳ ಬಿಗಿಯಲಾಗುವುದೆಂದು ತಿಳಿಸಲು ಸಂತೋಷಪಡುತ್ತೇನೆ. ತಮಗೆ ಉಳಿದಿರುವುದು ಇನ್ನು ನಲವತ್ತು ತಲೆಮಾರು ಮಾತ್ರ. ಹೋಗುವ ಮುನ್ನ ಹಿರಿಯರು ಕಿರಿಯರನ್ನು ಕೂರಿಸಿಕೊಂಡು, ಎಲ್ಲಿಗೇ ಹೋದರೂ ಮೊದಲು ಅಲ್ಲಿಯ ಸಾಹೇಬರ ಮೇಜಿನ ಗಾಜಿನ ಕೆಳಗೆ ಏನು ಬರೆದಿದೆ ಎಂದು ಓದಿಕೊಂಡು ಅದಕ್ಕೆ ಹೊಂದದ ಹಾಗೆ ಇರಿ, ಆಗ ಯಾರೂ ನಿಮ್ಮ ಕೂದಲು ಕೊಂಕಿಸಲಾರರು ಎಂದು ಬುದ್ಧಿ ಹೇಳಬಹುದು. ನನ್ನ ಕೂದಲಿನ ಮಾತು ಬೇರೆ.

ತಮ್ಮ ಅಸ್ತಿತ್ವದಲ್ಲಿ ಇಡೀ ಕಚೇರಿಯಲ್ಲಿ ನಂಬಿಕೆಯುಳ್ಳ ಒಬ್ಬಳೇ ಒಬ್ಬಳಾದ,
ತಮ್ಮ ವಿಶ್ವಾಸಿ,
ನೀರು ಪರೀಕ್ಷಾ ಪ್ರಯೋಗಾಲಯದ ಸಹಾಯಕಿ
(ಬಲಗಣ್ಣು: ರಜೆಯ ಮೇಲೆ)

ತಾಜಾ ಕಲಂ: ನನಗೆ ವಯಸ್ಸು ನಲವತ್ತೆಂಟು, ಉಳಿಸಿಕೊಂಡ ಮೂರರಲ್ಲಿ ಒಂದು ರೆಪ್ಪೆಯ ತುದಿ ನರೆತಿತ್ತು. ಅದನ್ನು ಸಾಹೇಬರು ಹೊಸ ಪ್ರಭೇದವೆಂದು ಸಾರಿ, ‘ಕೆಲವು ಸಂದರ್ಭಗಳಲ್ಲಿ ತುದಿ ಬೆಳ್ಳಗಿರುತ್ತದೆ’ ಎಂದು ಮಾದರಿ ವಿವರಣೆಗೆ ತಮ್ಮ ಕೈಯಾರೆ ಒಂದು ಇಂಗ್ಲಿಷ್ ಸಾಲು ಸೇರಿಸಿದ್ದಾರೆ. ಬರುವ ವಾರ ಉಳಿದ ನಾಲ್ಕು ಟ್ಯಾಂಕುಗಳ ಪರೀಕ್ಷೆಯಿದೆ. ನನ್ನ ಎಡಗಣ್ಣು ಸಿದ್ಧವಾಗಿದೆ, ತಂಗಿಯದೊಂದು ಡಬ್ಬಿಯಲ್ಲಿದೆ. ಅದೂ ಮುಗಿದರೆ ಸಾಹೇಬರನ್ನೇ ಕೇಳಿಕೊಳ್ಳಬೇಕೆಂದಿದ್ದೇನೆ; ಅವರು ತಮ್ಮ ಕಣ್ಣುಗಳನ್ನು ಸೇವಾವಧಿಯಲ್ಲಿ ಒಂದೇ ಒಂದು ಸಲ ಬಳಸಿರುವುದರಿಂದ ರೆಪ್ಪೆಗಳೆಲ್ಲ ಹೊಸದರಂತೆಯೇ ಇವೆ.